ಇಬ್ಬರೊಳಗ ಯಾವಾಕಿ ಶ್ಯಾಣ್ಯಾಕಿ?

ನವೆಂಬರ್ 18, ಸೋಮವಾರ

ಹತ್ತನೇ ತರಗತಿಗೆ ಇಂದು ಇಂಗ್ಲಿಷಿನ ಹೋಲಿಕೆ ವಾಕ್ಯಗಳನ್ನು ಶುರು ಮಾಡಿದೆ. ಹೋದ ವರ್ಷದವರಂತೆ ಇವರೂ ‘ಮೋರ್ ಟಾಲರ್’ ಎಂದೇ ಬರೆಯುತ್ತಾರೆ. ಅದರಲ್ಲಿ ಅವರ ತಪ್ಪು ಕಡಿಮೆ. ಕನ್ನಡದಲ್ಲಿ ಎತ್ತರ ಎಂಬ ಮಾತು ಎಲ್ಲಿ ಬಂದರೂ ಎತ್ತರವೇ. ಹೆಸರಿಗೆ ‘ಗಿಂತ’ ಎಂದು ಹಚ್ಚಿದರೆ ಕೆಲಸ ಮುಗಿಯುತ್ತದೆ. ಇಂಗ್ಲಿಷಿನಲ್ಲಿ ಹಾಗಲ್ಲ, ಮಾತೇ ಬದಲಾಗಬೇಕು. ಹಲಗೆಯ ಮೇಲೆ ಅರ್ಧ ಗಂಟೆ ಬರೆದರೂ ಅವರ ತಲೆಗೆ ಹತ್ತಲಿಲ್ಲ. ಸೀಮೆಸುಣ್ಣ ಇಟ್ಟು ಮೌನೇಶ್ವರಿ, ಗುರುದೇವಿ ಇಬ್ಬರನ್ನೂ ಮುಂದೆ ಕರೆದು ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲಿಸಿದೆ.

ಇವರು ಅಕ್ಕತಂಗಿಯರು. ಮೌನೇಶ್ವರಿ ಎರಡು ವರ್ಷ ದೊಡ್ಡವಳು. ಏಳನೇ ತರಗತಿಯಲ್ಲಿ ತಂದೆತಾಯಿಯ ಹಿಂದೆ ಬೆಂಗಳೂರಿಗೆ ಹೋಗಿ ಶಾಲೆ ತಪ್ಪಿಸಿಕೊಂಡದ್ದರಿಂದ ಈಗ ತಂಗಿಯ ತರಗತಿಯಲ್ಲೇ ಇದ್ದಾಳೆ. ಇಬ್ಬರಿಗೂ ಒಂದೇ ಬೆಂಚು, ಒಂದೇ ಪಠ್ಯಪುಸ್ತಕ. ಎತ್ತರವೂ ಒಂದೇ.

‘ಗುರುದೇವಿ ಇಸ್ ಆ್ಯಸ್ ಟಾಲ್ ಆ್ಯಸ್ ಮೌನೇಶ್ವರಿ’ ಎಂದು ಹೇಳಿಕೊಟ್ಟೆ.

“ಸುಳ್ಳ ರೀ ಟೀಚರ್! ಗುರುದೇವಿ ಹಿಮ್ಮಡ ಎತ್ಯಾಳ!” ಎಂದು ಹಿಂದಿನಿಂದ ಕೂಗು ಬಂತು. ನೋಡಿದರೆ ನಿಜ, ಎತ್ತಿದ್ದಳು. ತರಗತಿಯೆಲ್ಲ ನಕ್ಕಿತು. ಅವಳೂ ನಕ್ಕಳು. ಆಮೇಲೆ ಯಾರೂ ‘ಮೋರ್ ಟಾಲರ್’ ಎನ್ನಲಿಲ್ಲ.

ಗಂಟೆ ಹೊಡೆದ ಮೇಲೆ ಮೌನೇಶ್ವರಿ ಬಂದಳು. “ಟೀಚರ್, ಹೆಚ್ಚಿದ್ದಾಕಿ ಹೆಸರು ಮೊದಲ ಬರೀಬೇಕೇನ್ರಿ, ಕಡಿಮಿ ಇದ್ದಾಕೀದು ಮೊದಲ ಬರೀಬೇಕೇನ್ರಿ?” ಯಾರದ್ದಾದರೂ ಮೊದಲು ಬರೆಯಬಹುದು, ಆದರೆ ನಡುವಿನ ಮಾತು ಬದಲಾಗಬೇಕು ಎಂದೆ. “ಹಂಗಾರ ಕಡಿಮಿ ಇದ್ದಾಕೀನೂ ಮೊದಲ ಬರಬಹುದು” ಎಂದು ತನ್ನಷ್ಟಕ್ಕೇ ಹೇಳಿಕೊಂಡು ಹೋದಳು. ಈ ಪ್ರಶ್ನೆಯನ್ನು ಬಿ.ಎಡ್. ತರಗತಿಯಲ್ಲೂ ಯಾರೂ ಕೇಳಿರಲಿಲ್ಲ.

ಕಕ್ಕೇರಾದ ಬಾಡಿಗೆ ಕೋಣೆಗೆ ಬಂದು ಅನ್ನಕ್ಕಿಟ್ಟೆ. ಒಳ್ಳೆಯ ದಿನ.

ನವೆಂಬರ್ 24, ಭಾನುವಾರ. ಶಹಾಪುರ

ಅವ್ವನ ಮಾತು ಬಾಗಿಲಲ್ಲೇ ಶುರುವಾಯಿತು. “ನಿಮ್ಮ ಕಾಕಾನ ಮಗ ಶ್ರೀಮಂತ ನಿನಗಿಂತ ಕಡಿಮಿ ಕಲ್ತಾನ. ಕಡೇಚೂರು ಫ್ಯಾಕ್ಟರ್ಯಾಗ ಪರ್ಮನೆಂಟ್ ಆದ. ನೀ ನೋಡಿದ್ರ ಇನ್ನಾ ಗೆಸ್ಟ್ ಟೀಚರು. ಗೆಸ್ಟ್ ಅಂದ್ರ ಬೀಗರಿದ್ದಂಗ. ಮಾರ್ಚಿನ ತನಕ ಉಂಡು ಎದ್ದು ಹೋಗಾಕಿ.”

“ಬೀಗರಿಗೆ ಹೋಳಿಗಿ ಮಾಡ್ತಾರವ್ವ. ನಂಗ ಪಗಾರ ಸೈತ ಮೂರು ತಿಂಗಳಿಗೊಮ್ಮೆ ಬರ್ತೈತಿ” ಎಂದೆ. ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡಳು. ಅವ್ವ ಸಾವಿತ್ರಿಬಾಯಿ ನಾಲ್ಕನೇ ತರಗತಿ ಓದಿದವಳು. ಹೋಲಿಸುವುದರಲ್ಲಿ ಅವಳಿಗೆ ಯಾರೂ ಪಾಠ ಹೇಳಬೇಕಿಲ್ಲ.

ಒಬ್ಬರನ್ನು ಇನ್ನೊಬ್ಬರ ಪಕ್ಕ ನಿಲ್ಲಿಸಿ ಅಳೆಯುವುದು ವ್ಯಾಕರಣ ಕಲಿಯಲು ಸರಿ. ಬದುಕಿಗೆ ಅದು ಸರಿಯಲ್ಲ ಎಂದು ಅವಳಿಗೆ ಹೇಳಬೇಕೆಂದುಕೊಂಡೆ.

ಡಿಸೆಂಬರ್ 9, ಸೋಮವಾರ

ಪರೀಕ್ಷೆಯ ಇಂಗ್ಲಿಷ್ ಅಂಕ ಕೊಟ್ಟೆ. ಎಂಬತ್ತಕ್ಕೆ ಗುರುದೇವಿಗೆ ಮೂವತ್ತನಾಲ್ಕು, ಪಾಸು. ಮೌನೇಶ್ವರಿಗೆ ಹತ್ತೊಂಬತ್ತು. ಎಲ್ಲರನ್ನೂ ದೂರ ದೂರ ಕೂರಿಸಿ ಬರೆಸಲು ನಮ್ಮಲ್ಲಿ ಕೋಣೆಗಳಿಲ್ಲ. ಇದ್ದಲ್ಲೇ ಬರೆದರು. ಗುರುದೇವಿಯ ಅಂಕ ಕೇಳಿ ಅಕ್ಕ ತನ್ನದೇ ಬಂದಂತೆ ಕುಣಿದಳು.

ಸಂಜೆ ಮುಖ್ಯಗುರು ಬಸವಂತ್ರಾಯ ಸರ್ ಸಭೆ ಕರೆದರು. ಹೋದ ವರ್ಷ ಫಲಿತಾಂಶ ಬಿದ್ದದ್ದಕ್ಕೆ ಮೇಲಧಿಕಾರಿಗಳು ಅವರನ್ನು ಯಾದಗಿರಿಗೆ ಕರೆಸಿ ಎಲ್ಲರೆದುರು ನಿಲ್ಲಿಸಿದ್ದರಂತೆ.

“ಮೇಡಂ, ಅರ್ಧ ಮಂದಿ ನಿಮ್ಮ ಸಬ್ಜೆಕ್ಟಿನ್ಯಾಗ ಬೀಳಾಕತ್ತಾರ. ನಂಗ ರಿಟೈರಾಗಾಕ ಒಂದ ವರ್ಷ ಐತಿ. ಮೂವತ್ತ ವರ್ಷ ಮಾಸ್ತರಕಿ ಮಾಡಿ ಕಡೀಗಿ ನಾ ಒಬ್ಬ ಫೇಲಾದವ ಅನ್ನಿಸ್ಕೊಂಡು ಮನೀಗಿ ಹೋಗ್ಲೇನ್ರಿ?”

ಅವರು ಕೆಟ್ಟವರಲ್ಲ. ಬಿಸಿಯೂಟ ಇಲ್ಲದ ದಿನ ತಮ್ಮ ಬುತ್ತಿಯ ರೊಟ್ಟಿ ಹಂಚುತ್ತಾರೆ. ಆ ಒಂದು ದಿನದ ಅವಮಾನ ಮಾತ್ರ ಅವರ ಮುಖದಿಂದ ಹೋಗಿಲ್ಲ.

ಡಿಸೆಂಬರ್ 26, ಗುರುವಾರ

ಅಕ್ಕತಂಗಿಯರ ತಂದೆ ಭೀಮೇಶ ಶಾಲೆಗೆ ಬಂದಿದ್ದ. ಕುರ್ಚಿ ಕೊಟ್ಟರೂ ಕೂರದೆ ಪಡಸಾಲೆಯ ಕಂಬಕ್ಕೆ ಒರಗಿ ಕುಕ್ಕರಗಾಲಲ್ಲಿ ಕುಳಿತ. ಮಳೆಗಾಲದಲ್ಲಿ ಹೊಳೆಯಲ್ಲಿ ಮೀನು ಹಿಡಿಯುತ್ತಾನೆ. ಎಳ್ಳ ಅಮಾವಾಸ್ಯೆ ಮುಗಿದ ಮೇಲೆ ಸಂಸಾರ ಸಮೇತ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗುತ್ತಾನೆ.

“ಏನೋ ಭೀಮೇಶ, ಬರಿಗೈಲೇ ಬಂದಿ? ಮೀನ ಎಲ್ಲಿ?” ಎಂದರು ಸರ್.

“ಹೊಳ್ಯಾಗ ನೀರ ಇಳದಾವ್ರಿ ಸಾಹೇಬ್ರ. ಮೀನಾ ಭೀ ಬೆಂಗಳೂರಿಗಿ ದುಡಿಯಾಕ ಹೋಗ್ಯಾವ್ರಿ.”

ಆಮೇಲೆ ನನ್ನ ಕಡೆ ತಿರುಗಿದ. “ಬಾಯೋರ, ಅಮಾಸಿ ಮಾಡ್ಕೊಂಡು ನಾವು ಹೊಂಟೀವಿ. ನನ್ನ ಹೆಂಡ್ತಿ ಮಲ್ಲಿಕಮ್ಮ ಹಡದು ಎರಡ ತಿಂಗಳಾಗೇತಿ. ಅಕಿ ಇಟ್ಟಂಗಿ ಹೊರಾಕ ನಿಂತ್ರ ಕೂಸ ಹಿಡ್ಯಾಕ ಒಬ್ಬಾಕಿ ಬೇಕು. ಇನ್ನೊಬ್ಬಾಕಿ ಇಲ್ಲೇ ನಮ್ಮವ್ವನ ಹಂತ್ಯಾಕ ಇದ್ದು ಪರೀಕ್ಷಾ ಬರೀಲಿ. ನಂಗ ಇಬ್ರೂ ಒಂದ. ನೀವ ಹೇಳ್ರಿ, ಇಬ್ಬರೊಳಗ ಯಾವಾಕಿ ಶ್ಯಾಣ್ಯಾಕಿ?”

ಇಬ್ಬರನ್ನೂ ಬಿಟ್ಟು ಹೋಗು, ಇನ್ನು ಮೂರು ತಿಂಗಳ ಮಾತು ಎಂದೆ.

“ಇಬ್ರನೂ ಬಿಟ್ರ ಕೂಸಿನ ಗತಿ ಏನ್ರಿ? ಇಬ್ರನೂ ಒಯ್ದ್ರ ನೀವ ಬೈತೀರಿ. ಅದಕ್ಕ ಕೇಳಾಕ ಬಂದೀನಿ.”

ನನಗೆ ಗೊತ್ತಿದ್ದದ್ದು ಅಂಕಗಳು. ಅವನ್ನು ಹೇಳಿದೆ.

“ಅಂದ್ರ?”

“ಗುರುದೇವಿ ಮುಂದದಾಳ.”

“ಎಷ್ಟ ಮುಂದ್ರಿ?”

“ಪಾಸಾಗುವಷ್ಟು.”

“ಆತ್ ಬಿಡ್ರಿ.” ಎದ್ದು ಟವೆಲ್ ಕೊಡವಿಕೊಂಡ. ಮೌನೇಶ್ವರಿ ಬಾಗಿಲಲ್ಲಿ ನಿಂತಿದ್ದಳು. ಯಾವಾಗ ಬಂದಳೋ ನೋಡಿರಲಿಲ್ಲ. “ಖರೇ ಐತಿ ಯಪ್ಪಾ, ಅಕೀ ಶ್ಯಾಣ್ಯಾಕಿ. ನಂಗ ಏನೂ ತಲೀಗಿ ಹತ್ತಂಗಿಲ್ಲ” ಎಂದು ನಕ್ಕಳು. ತಂಗಿಯ ಚೀಲವನ್ನೂ ಹೆಗಲಿಗೆ ಹಾಕಿಕೊಂಡು ತಂದೆಯ ಹಿಂದೆ ನಡೆದಳು.

ಕೇಳಿದ. ಇದ್ದದ್ದನ್ನು ಹೇಳಿದೆ. ಮೂವತ್ತನಾಲ್ಕು ಹತ್ತೊಂಬತ್ತಕ್ಕಿಂತ ಹೆಚ್ಚು. ಬೇರೆ ಏನು ಹೇಳಲು ಬರುತ್ತಿತ್ತು?

ಜನವರಿ 3, ಶುಕ್ರವಾರ

ಭೀಮೇಶನ ಸಂಸಾರ ನಿನ್ನೆ ಸಂಜೆ ಸುರಪುರದಿಂದ ಬಸ್ಸು ಹತ್ತಿತಂತೆ. ಹತ್ತನೇ ತರಗತಿಯಲ್ಲಿ ಒಂಬತ್ತು ಮಂದಿ ಇಲ್ಲ. ಗುರುದೇವಿ ಬೆಂಚಿನ ತುದಿಯಲ್ಲೇ ಕೂರುತ್ತಾಳೆ. ಸರಿದು ನಡುವೆ ಕೂತುಕೋ ಎಂದರೆ ಹೂಂ ಎನ್ನುತ್ತಾಳೆ, ಸರಿಯುವುದಿಲ್ಲ.

ಜನವರಿ 17, ಶುಕ್ರವಾರ

ಪೂರ್ವಸಿದ್ಧತಾ ಪರೀಕ್ಷೆಯ ಇಂಗ್ಲಿಷ್ ಪತ್ರಿಕೆ ತಿದ್ದಿದೆ. ಗುರುದೇವಿಗೆ ಒಂಬತ್ತು. ಮತ್ತೊಮ್ಮೆ ಕೂಡಿಸಿ ನೋಡಿದೆ, ಒಂಬತ್ತೇ. ಹೋಲಿಕೆಯ ಪ್ರಶ್ನೆಗೆ ಪ್ರಶ್ನೆಯನ್ನೇ ತಿರುಗಿ ಬರೆದಿದ್ದಾಳೆ. ಊಟದ ಬಿಡುವಿನಲ್ಲಿ ಕರೆದು ಕೇಳಿದೆ.

“ಡಿಸೆಂಬರಿನ್ಯಾಗ ಮೂವತ್ನಾಲ್ಕು ತಗೊಂಡಿದ್ದಿ. ಈಗೇನಾತು?”

“ಅಕ್ಕ ಇಲ್ಲಲ್ರಿ.”

“ಅಕ್ಕ ಇಲ್ಲಂದ್ರ ಬರಿಯಾಕ ಬರಂಗಿಲ್ಲೇನು?”

ನೆಲ ನೋಡಿದಳು. “ಅಕ್ಕ ಮೊದಲ ನಂದು ಹೇಳಿಕೊಡ್ತಿದ್ಲ್ರಿ, ಸಣ್ಣ ದನೀಲೆ. ನಾ ಬರಕೋತಿದ್ದೆ. ನಂದು ಮುಗಿದ ಮ್ಯಾಲೆ ತನ್ನದು ಶುರು ಮಾಡ್ತಿದ್ಲು. ಅಷ್ಟ್ರಾಗ ಗಂಟಿ ಹೊಡೀತಿತ್ರಿ.”

“ತನ್ನದು ಮೊದಲ ಬರಕೊಂಡು ಆಮ್ಯಾಲೆ ಹೇಳಬಹುದಿತ್ತಲ್ಲ?”

ಪ್ರಶ್ನೆ ಅರ್ಥವಾಗದವಳಂತೆ ನನ್ನ ಮುಖ ನೋಡಿದಳು. “ನಾ ಸಣ್ಣಾಕಿ ಅಲ್ರಿ? ಮನ್ಯಾಗೂ ಹಂಗ ರೀ. ಮೊದಲ ನಂಗ ನೀಡಿ ಆಮ್ಯಾಲೆ ತಾ ಉಣ್ತಾಳ.”

ಮೌನೇಶ್ವರಿಯ ಡಿಸೆಂಬರಿನ ಪತ್ರಿಕೆ ನೆನಪಿದೆ. ಮೊದಲ ಪುಟಗಳಲ್ಲಿ ಒಂದೂ ತಪ್ಪಿರಲಿಲ್ಲ, ಆಮೇಲೆಲ್ಲ ಖಾಲಿ. ಖಾಲಿ ಎಂದರೆ ಗೊತ್ತಿಲ್ಲ ಎಂದು ಅಂಕ ಹಾಕಿದ್ದೆ. ಇಲ್ಲಿ ತಂಗಿಯ ತಾಟಿಗೆ ನೀಡದೆ ಅಕ್ಕ ಉಣ್ಣುವುದಿಲ್ಲ ಎಂಬುದು ಈ ಜಿಲ್ಲೆಯಲ್ಲೇ ಹುಟ್ಟಿ ಬೆಳೆದ ನನಗೂ ಗೊತ್ತಿತ್ತು. ಪರೀಕ್ಷೆಯಲ್ಲೂ ಹಾಗೇ ಎಂದು ಹೊಳೆಯಲಿಲ್ಲ.

ಅನ್ನ ಮಾಡಲಿಲ್ಲ. ಹಸಿವಿಲ್ಲ.

ಜನವರಿ 18, ಶನಿವಾರ

ಭೀಮೇಶನಿಗೆ ಫೋನು ಮಾಡಿದೆ. ಹಿಂದೆ ಕಾಂಕ್ರೀಟ್ ಯಂತ್ರ ತಿರುಗುವ ಸದ್ದು. ಮೌನೇಶ್ವರಿಯನ್ನು ಕಳಿಸು, ಅವಳೂ ಪರೀಕ್ಷೆ ಬರೆಯಲಿ, ಪಾಸಾಗುತ್ತಾಳೆ ಎಂದೆ.

“ಅಕಿ ಹಿಂದದಾಳ ಅಂತ ನೀವ ಹೇಳಿದ್ರೆಲ್ರಿ ಬಾಯೋರ!”

ಅಂಕ ನೋಡಿ ಹೇಳಿದ್ದೆ, ಈಗ ಬೇರೆ ಕಾಣುತ್ತಿದೆ ಎಂದೆ.

“ತಿಂಗಳದಾಗ ಬದ್ಲಾಗ್ತೈತೇನ್ರಿ ಅದು? ಈಗ ಕೂಸ ಅಕೀಗಿ ಹೊಂದೇತಿ. ಅವ್ವನ ಕಡಿ ಸೈತ ಹೋಗಂಗಿಲ್ಲ. ಅಕಿನ ಕಳಿಸಿದ್ರ ಮಲ್ಲಿಕಮ್ಮ ಮನ್ಯಾಗ ಕುಂದರಬೇಕು. ಗುರುದೇವಿ ಬರೀಲಿ, ಅಕಿ ಒಬ್ಬಾಕಿ ದಾಟಿದ್ರ ಸಾಕು.”

ಗುರುದೇವಿಯ ಒಂಬತ್ತು ಅಂಕದ ಮಾತು ತೆಗೆಯಲಿಲ್ಲ. ಹೇಳಿದರೆ ಅವಳಿಗೆ ಪೆಟ್ಟು ಬೀಳುತ್ತಿತ್ತು.

ಫೆಬ್ರುವರಿ 6, ಗುರುವಾರ

ಮುಂಜಾನೆ ವಿಶೇಷ ತರಗತಿ, ಸಂಜೆ ವಿಶೇಷ ತರಗತಿ. ಗುರುದೇವಿಯನ್ನು ಪಕ್ಕದಲ್ಲೇ ಕೂರಿಸಿಕೊಂಡು ಹೋಲಿಕೆಯಿಂದಲೇ ಮತ್ತೆ ಶುರು ಮಾಡಿದ್ದೇನೆ. ಕಲ್ಲು, ಎಲೆ, ಪೆನ್ಸಿಲು ಎಲ್ಲ ಇಟ್ಟು ತೋರಿಸಿದೆ. ‘ಆ್ಯಸ್’ ಎಂದು ಬರೆದು ನಿಲ್ಲುತ್ತಾಳೆ. ಮುಂದಿನ ಮಾತಿಗೆ ಪಕ್ಕಕ್ಕೆ ತಿರುಗುತ್ತಾಳೆ. ಪಕ್ಕದಲ್ಲಿ ನಾನಿದ್ದೇನೆ. ಅವಳಿಗೆ ಬೇಕಾದವರು ನಾನಲ್ಲ.

ವಾರದಲ್ಲಿ ಎರಡು ದಿನ ಬರುವುದೇ ಇಲ್ಲ. ಅಜ್ಜಿ ಚಂದಮ್ಮನಿಗೆ ಮೊಣಕಾಲು ನೋವು. ನೀರು, ಒಲೆ, ರೊಟ್ಟಿ ಎಲ್ಲ ಇವಳ ಮೇಲೆ. ಮೊದಲು ಅದನ್ನೂ ಅಕ್ಕನೇ ಮಾಡುತ್ತಿದ್ದಳು.

ಸರ್ ಎಲ್ಲ ವಿಷಯದವರ ಅಂಕ ತರಿಸಿಕೊಂಡು ನೋಡಿದರು. “ಮೇಡಂ, ಈ ಸಲ ಪರೀಕ್ಷಾ ಹಾಲಿನ್ಯಾಗ ಕ್ಯಾಮೆರಾ ಐತಿ. ಯಾರೂ ಯಾರಿಗೂ ಪಿಸ ಅನ್ನಂಗಿಲ್ಲ. ಏನೇನೂ ಬರದವ್ರು ಮೇ ತಿಂಗಳಾಗಿನ ಎರಡನೇ ಪರೀಕ್ಷಾ ಬರೀಲಿ ಬಿಡ್ರಿ, ಜರಾ ಟೈಮ್ ಸಿಗ್ತೈತಿ ಅವ್ರಿಗೂ. ಗೈರಾದವ್ರು ನಮ್ಮ ಪರ್ಸೆಂಟೇಜಿಗಿ ಬರಂಗಿಲ್ಲ.”

ಅದು ತಪ್ಪಲ್ಲವೇ ಎಂದೆ.

“ಫೇಲಾಗಿ ಅಳೂದಕ್ಕಿಂತ ಇದು ಛಲೋ ಅಲ್ಲೇನ್ರಿ?”

ಅಂಕಪಟ್ಟಿ ಮಡಿಚಿಕೊಂಡು ಸಂಜೆಯ ತರಗತಿಗೆ ಹೋದೆ.

ಫೆಬ್ರುವರಿ 19, ಬುಧವಾರ

ಮಾರ್ಚಿನ ಪರೀಕ್ಷೆಗೆ ಕೂರುವುದು ಬೇಡ ಎಂದು ಇಂದು ನಾಲ್ವರಿಗೆ ಹೇಳಿ ಮುಗಿಸಿದೆ. ಇಬ್ಬರು ಹುಡುಗರು ಖುಷಿಪಟ್ಟರು. ಒಬ್ಬಳು ಅತ್ತಳು. ಗುರುದೇವಿ ಮಾತ್ರ ಒಂದು ಮಾತು ಕೇಳಿದಳು.

“ಅಕ್ಕಗ ಏನ ಹೇಳ್ಲಿ ರೀ?”

“ಎರಡನೇ ಪರೀಕ್ಷಾ ಬರೀತೀನಿ ಅಂತ ಹೇಳು. ಸರ್ಟಿಫಿಕೇಟ್ ಒಂದೇ ಬರ್ತೈತಿ.”

“ಹೌದ್ರಿ.”

ಇದರಲ್ಲಿ ಸುಳ್ಳು ಒಂದೂ ಇಲ್ಲ. ನಿಯಮದಲ್ಲಿ ಅವಕಾಶವಿದೆ. ಉಳಿದವರಿಗೆ ಕೊಡಲು ನನಗೂ ಹೆಚ್ಚು ಸಮಯ ಸಿಕ್ಕಂತಾಯಿತು. ಸಂಜೆಯ ತರಗತಿ ಇವತ್ತು ಸಲೀಸಾಗಿ ನಡೆಯಿತು.

ಮಾರ್ಚ್ 10, ಸೋಮವಾರ

ಪ್ರವೇಶಪತ್ರಗಳು ಬಂದಿವೆ. ಇಬ್ಬರದೂ ಬಂದಿದೆ. ಮೌನೇಶ್ವರಿ ಫೋಟೊದಲ್ಲಿ ತುಟಿ ಬಿಗಿದಿದ್ದಾಳೆ.

ಮಧ್ಯಾಹ್ನ ಭೀಮೇಶನ ನಂಬರಿನಿಂದ ಅವಳೇ ಮಾತಾಡಿದಳು. ಕೂಸು ಅಳುತ್ತಿತ್ತು.

“ಟೀಚರ್, ಗುರುದೇವಿಗಿ ಹೋಲಿಕಿ ವಾಕ್ಯ ಜರಾ ಹೆಚ್ಚಿಗಿ ಮಾಡಿಸ್ರಿ. ‘ದ್ಯಾನ್’ ಎಲ್ಲಿ, ‘ಆ್ಯಸ್’ ಎಲ್ಲಿ ಅನ್ನೂದ್ರಾಗ ಗಡಿಬಿಡಿ ಮಾಡ್ತಾಳ. ನಾ ಫೋನಿನ್ಯಾಗ ಹೇಳಿಕೊಡಬೇಕಂದ್ರ ಅಪ್ಪಗ ರಾತ್ರಿ ಫೋನ್ ಬೇಕಾಗ್ತೈತಿ.”

“ಹೂಂ.”

“ನನ್ನ ಹಾಲ್ ಟಿಕೆಟ್ ಬಂದೈತೇನ್ರಿ?”

“ಬಂದೈತಿ.”

“ಇರ್ಲಿ ಬಿಡ್ರಿ. ಸುಮ್ಕ ಕೇಳ್ದೆ.”

ತಂಗಿ ಬರೆಯುವುದಿಲ್ಲ ಎಂದು ಅವಳಿಗೆ ಗೊತ್ತಿಲ್ಲ. ಗೊತ್ತಾದರೆ ಬಸ್ಸು ಹತ್ತಿ ಬಂದುಬಿಡುತ್ತಿದ್ದಳೋ ಏನೋ. ಬಂದರೆ ಮನೆಯವರಿಗೆ ಮತ್ತೊಂದು ತೊಂದರೆ. ಅದೂ ಅಲ್ಲದೆ ಎರಡು ತಿಂಗಳಿಂದ ಪುಸ್ತಕ ಮುಟ್ಟದವಳು. ತಂಗಿಯ ವಿಷಯ ಮಾತಿನಲ್ಲಿ ಬರಲಿಲ್ಲ.

ಮಾರ್ಚ್ 26, ಬುಧವಾರ

ಇಂಗ್ಲಿಷ್ ಪರೀಕ್ಷೆ. ಹೋಲಿಕೆಯ ಪ್ರಶ್ನೆ ಬಂದಿತ್ತು, ಸುಲಭದ್ದು. ನಮ್ಮವರು ಬಹಳ ಮಂದಿ ಬರೆದಿದ್ದಾರೆ.

ಗೈರುಹಾಜರಿ: ಹಿಂದೆ ಹೇಳಿದ ನಾಲ್ವರು, ವಲಸೆ ಹೋದವರು.

ಗುರುದೇವಿ ಮೆಣಸಿನಕಾಯಿ ಬಿಡಿಸಲು ಕೂಲಿಗೆ ಹೋಗುತ್ತಿದ್ದಾಳೆಂದು ಹುಡುಗಿಯರು ಹೇಳಿದರು.

ಏಪ್ರಿಲ್ 14, ಸೋಮವಾರ. ಶಹಾಪುರ

ಬಾಬಾಸಾಹೇಬರ ಜಯಂತಿ. ಅವ್ವ ಬಿಳಿ ಸೀರೆ ಉಟ್ಟು ಓಣಿಯವರ ಜೊತೆ ಮೆರವಣಿಗೆಗೆ ಹೋದಳು. ಪ್ರತಿ ವರ್ಷ ಮಕ್ಕಳ ಮುಂದೆ ಓದಿನ ಬಗ್ಗೆ ನಾನು ಎರಡು ಮಾತು ಆಡುವುದಿತ್ತು. ಈ ಸಲವೂ ಕರೆಯಲು ಬಂದರು. ತಲೆನೋವು ಎಂದೆ. ಬಿಸಿಲು ಜಾಸ್ತಿ ಇದೆ.

ಮೇ 2, ಶುಕ್ರವಾರ

ಫಲಿತಾಂಶ. ಶಾಲೆ ಹೋದ ವರ್ಷಕ್ಕಿಂತ ಮೇಲೆ ಬಂದಿದೆ. ನನ್ನ ವಿಷಯದಲ್ಲಿ ಬಿದ್ದವರು ಕಡಿಮೆ. ಸರ್ ಕೆಂಭಾವಿಯಿಂದ ಪೇಡೆ ತರಿಸಿದರು. “ಮೇಡಂ, ಜೂನಿನ್ಯಾಗ ಗೆಸ್ಟ್ ತಗೊಂಡ್ರ ಮೊದಲನೇ ಹೆಸರು ನಿಮ್ದ. ಯಾರೇನಂತಾರ ನೋಡ್ತೀನಿ!” ಎಂದು ಕೈ ಮುಗಿದರು. ಅವರ ಮುಖ ಇಷ್ಟು ಹಗುರಾಗಿದ್ದನ್ನು ಕಂಡಿರಲಿಲ್ಲ. ಅವ್ವನಿಗೆ ಫೋನು ಮಾಡಿ ತಿಳಿಸಿದೆ. ಅವಳು ಶ್ರೀಮಂತನ ಹೆಸರು ಎತ್ತಲಿಲ್ಲ.

ಸಂಜೆ ಕಕ್ಕೇರಾದಲ್ಲಿ ಸಾಮಾನು ಕಟ್ಟುತ್ತಿದ್ದಾಗ ಮೌನೇಶ್ವರಿಯ ಫೋನು ಬಂತು.

“ಟೀಚರ್, ನಾನ್ರಿ. ಇವತ್ತ ರಿಜಲ್ಟ್ ಅಲ್ರಿ? ನಮ್ಮದು ಬಟನ್ ಫೋನು, ನೋಡಾಕ ಬರವಲ್ದು. ಗುರುದೇವಿಗಿ ಮಾಡಿದ್ರ ಎತ್ತವಲ್ಲಳು. ಏನಾಗ್ಯಾಳ್ರಿ?”

ತಂಗಿ ಪರೀಕ್ಷೆ ಬರೆದಿಲ್ಲ ಎಂಬುದು ಅವಳಿಗೆ ಇನ್ನೂ ತಿಳಿದಿರಲಿಲ್ಲ. ಎಲ್ಲ ಪೇಪರು ಛಲೋ ಬರೆದೀನಿ, ಹೋಲಿಕೆ ಬಂದಿತ್ತು, ಅದನ್ನೂ ಬರೆದೆ ಎಂದು ಗುರುದೇವಿ ಮಾರ್ಚಿನಲ್ಲೇ ಹೇಳಿದ್ದಳಂತೆ. ಅವತ್ತು ಭೀಮೇಶ ಶೆಡ್ಡಿನವರಿಗೆಲ್ಲ ಚಹಾ ಕುಡಿಸಿದ್ದನಂತೆ.

“ನೋಡ್ರಿ ಟೀಚರ್, ನಂಬರ್ ಹೇಳ್ಲೇನ್ರಿ?”

ನಂಬರು ಬೇಡ, ನೋಡಿದ್ದೇನೆ ಎಂದೆ.

“ಪಾಸೇನ್ರಿ?”

ಹಿಂದೆ ಭೀಮೇಶ ‘ಏನಂತ, ಏನಂತ’ ಎಂದು ಕೇಳುತ್ತಿದ್ದುದು ನನಗೂ ಕೇಳಿಸಿತು.

“ಇಲ್ಲ. ಇಂಗ್ಲಿಷಿನ್ಯಾಗ ಎರಡ ಮಾರ್ಕ್ಸ್ ಕಡಿಮಿ ಬಿದ್ದಾವ. ಈ ತಿಂಗಳ ಕಡೀಗಿ ಎರಡನೇ ಪರೀಕ್ಷಾ ಐತಿ.”

“ಎರಡೇನ್ರಿ?” ತಂದೆಯ ಕಡೆ ತಿರುಗಿ ಕೂಗಿದಳು. “ಎರಡ ಮಾರ್ಕ್ಸಿನ್ಯಾಗ ಹೋತಂತ ಯಪ್ಪಾ, ಬರೇ ಎರಡ! ಒಬ್ಬಾಕೀನ ಕುಂತು ಅಷ್ಟ ಬರದಾಳ!”

ಮತ್ತೆ ನನ್ನೊಂದಿಗೆ ಮಾತಾಡಿದಳು. ದನಿಯಲ್ಲಿ ನಗು ಇತ್ತು.

“ಹಂಗಾರ ನನಗಿಂತ ಅಕೀ ಊರಾಗ ಇದ್ದದ್ದ ಛಲೋ ಆತಲ್ರಿ ಟೀಚರ್?”

ಹೌದು ಎಂದೆ.